ಕೀಬೋರ್ಡಿನ ಮೇಲೆ ಬಿದ್ದ ಭಂಡಾರ

ಚಿಂಚಲಿಯ ದೇವಿ ಮಾಯಕ್ಕನನ್ನು ನಂಬಿದ ಎಲ್ಲ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕೈಮುಗಿದು ಬರೆಯುತ್ತಿದ್ದೇನೆ. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ನಾನೇ ಕಟ್ಟಿದ ಬಾಗಿಲ ಹೊರಗೆ ಸಾಯುವುದರಲ್ಲಿದ್ದಳು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಿಪ್ಪಾಣಿ, ಕಾಗವಾಡ ಹೊಸ ತಾಲೂಕುಗಳಾದ ವರ್ಷದ ಶ್ರಾವಣ. ನಾನು ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನನ್ನ ಊರು ಭೋಜ, ಹೊಸ ನಿಪ್ಪಾಣಿ ತಾಲೂಕಿನದು. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಅಂದಿನಿಂದ ಉಣಿಸಿ, ಬೈದು, ಶಾಲೆಗೆ ಅಟ್ಟಿದವಳು ವೈನಿ. ಅವಳ ಗರ್ಭಕೋಶದಲ್ಲಿ ಗಡ್ಡೆಯಾಗಿ ರಕ್ತ ನಿಲ್ಲದಾಯಿತು. ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಆಪರೇಷನ್ ಮಾಡುವ ಡಾಕ್ಟರು ಬರುವುದು ಗುರುವಾರ ಮಾತ್ರ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ರೋಗಿ ಬಂದಾಗಿನಿಂದ ಮನೆಗೆ ಹೋಗುವವರೆಗಿನ ಹಾದಿಯನ್ನು ಕಂಪ್ಯೂಟರಿನಲ್ಲಿ ಚೌಕಗಳಾಗಿ ಬರೆದಿದ್ದೆ: ನೋಂದಣಿ, ತಪಾಸಣೆ, ಮಂಜೂರಾತಿ, ಆಪರೇಷನ್, ಬಿಡುಗಡೆ. ಒಂದು ಮುಗಿದರೆ ಫೈಲು ತಾನಾಗಿ ಮುಂದಿನದಕ್ಕೆ ಹೋಗುತ್ತದೆ. ಮಂಜೂರಾತಿ ಮಾತ್ರ ನಮ್ಮ ಕೈಯಲ್ಲಿಲ್ಲ. ಉಚಿತ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಕಚೇರಿಯ ಕಂಪ್ಯೂಟರನ್ನು ನಮ್ಮದು ಕೇಳಬೇಕು, ಅದು ಹೇಳಬೇಕು. ಹೀಗೆ ಕೇಳಿ ಹೇಳುವ ದಾರಿಗೆ ವೆಬ್ ಸರ್ವಿಸ್ ಎನ್ನುತ್ತಾರೆ. ಅದನ್ನು ಮಂಜೂರಾತಿಯ ಚೌಕಕ್ಕೆ ಜೋಡಿಸಿದವನು ನಾನೇ. 'ಹೌದು' ಬಂದರೆ ಆಪರೇಷನ್ನಿನ ಕಡೆಗೆ ಒಂದು ಗೆರೆ, 'ಇಲ್ಲ' ಬಂದರೆ ವಾಪಸ್ಸಿಗೆ ಒಂದು ಗೆರೆ. ಮೊದಲೆಲ್ಲ ದೊಡ್ಡವರ ಫೋನು ಬಂದರೆ ಫೈಲು ಹಿಂಬಾಗಿಲಿಂದ ದಾಟುತ್ತಿತ್ತು. ಅದನ್ನೂ ಮುಚ್ಚಿಸಿ ಎದೆಯುಬ್ಬಿಸಿಕೊಂಡು ತಿರುಗಿದ್ದೆ.

ವೈನಿಯ ಫೈಲು ಆ ಚೌಕದಲ್ಲಿ ಹೋಗಿ ಕುಳಿತುಬಿಟ್ಟಿತು. ಹೌದೂ ಬರಲಿಲ್ಲ, ಇಲ್ಲವೂ ಬರಲಿಲ್ಲ. 'ಉತ್ತರಕ್ಕಾಗಿ ಕಾಯುತ್ತಿದೆ' ಎಂದಷ್ಟೇ ಪರದೆ ಹೇಳುತ್ತಿತ್ತು. ಒಂದು ಗುರುವಾರ ಹೋಯಿತು, ಇನ್ನೊಂದೂ ಹೋಯಿತು. ರಾಯಬಾಗದ ರೋಗಿಗಳಿಗೆ ದಿನವೂ ಮಂಜೂರಾತಿ ಬರುತ್ತಿತ್ತು. ಆ ಕಚೇರಿಗೆ ಫೋನು ಹಚ್ಚಿದರೆ, "ನಿಮ್ಮ ಅರ್ಜಿ ನಮ್ಮ ಕಡೆ ಕಾಣಿಸ್ತಾನೇ ಇಲ್ಲ ಸರ್" ಎಂದರು. ಮತ್ತೆ ಕಳಿಸಿದೆ. ಎಷ್ಟು ಸಲ ಕಳಿಸಿದೆನೋ ಲೆಕ್ಕವಿಲ್ಲ.

"ಎರಡೂ ಎಮ್ಮಿ ಮಾರತೀನಿ, ರೊಕ್ಕಾ ಕಟ್ಟಿ ಮಾಡಸೂಣು" ಎಂದ ಅಣ್ಣ.

"ನನ್ನ ಎಮ್ಮಿ ಹಟ್ಟಿ ದಾಟಿದ್ರ ನಾ ಈಗಿಂದೀಗ ಎದ್ದು ಮನಿಗೆ ಹೊಕ್ಕೀನಿ" ಎಂದಳು ವೈನಿ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನೀನ ಮಾಡಿದ್ದಲ್ಲೇನೋ ಆ ಮಶೀನು? ನೀ ಹೇಳಿದ್ರೂ ಕೇಳಂಗಿಲ್ಲೇನು?"

ತಲೆ ತಗ್ಗಿಸಿ ಹೊರಗೆ ಬಂದು ಅರ್ಜಿಯನ್ನು ಮತ್ತೊಮ್ಮೆ ಕಳಿಸಿದೆ.

ಮೂರನೆಯ ವಾರದ ಬುಧವಾರ ವಾರ್ಡಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ರಕ್ತಾ ಭಾಳ ಕಡಿಮಿ ಆಗೇತ್ರಿ. ನಾಳೆ ಆಗಲಿಲ್ಲಂದ್ರ ಮುಂದಿನ ವಾರದ ಮಾತು ನಾ ಹೇಳಂಗಿಲ್ಲ." ನಾನು ವರ್ಷಕ್ಕೊಮ್ಮೆ ಚಿಂಚಲಿಗೆ ಹೋಗಿ ಕೈಮುಗಿದು ಬರುವಷ್ಟರ ಭಕ್ತ. ಅಂದು ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಿಂತು, "ಅವ್ವಾ ಮಾಯಕ್ಕಾ, ನನ್ನ ಬುದ್ಧಿ ಮುಗೀತು. ನನ್ನ ವೈನೀನ ಉಳಿಸು" ಎಂದು ಅತ್ತುಬಿಟ್ಟೆ.

ಅಷ್ಟರಲ್ಲಿ ಅಣ್ಣ ಬಂದ. ಬೆಳಗಿನ ಬಸ್ಸಿಗೆ ಚಿಂಚಲಿಗೆ ಹೋಗಿ, ತಾಯಿಯ ಪಾದದ ಅರಿಸಿನಪುಡಿ, ನಾವು ಭಂಡಾರ ಎನ್ನುವುದು, ಪುಡಿಕೆ ಕಟ್ಟಿಸಿಕೊಂಡು ತಂದಿದ್ದ. ವೈನಿಯ ಹಣೆಗೆ ಹಚ್ಚಿ ನೇರ ನನ್ನ ಕೋಣೆಗೆ ಬಂದು, "ಯಾವದು ಆ ಮಶೀನು?" ಎಂದ. ತೋರಿಸಿದೆ. "ಮಾಯಕ್ಕನ ಹೆಸರಿಲೆ ಚಾಂಗಭಲೊ!" ಎಂದು ಜಯಕಾರ ಹಾಕಿದವನೇ ಒಂದು ಮುಷ್ಟಿ ಭಂಡಾರ ತೂರಿದ. ನಮ್ಮ ಕಡೆ ದನ ಮೇವು ಬಿಟ್ಟರೂ, ಮೋಟಾರು ಕೆಟ್ಟರೂ ಭಂಡಾರ ಹಾಕುವುದೇ ರೂಢಿ. ಕೀಬೋರ್ಡೆಲ್ಲ ಹಳದಿಯಾಯಿತು.

"ಅಣ್ಣಾ, ತಲಿ ನೆಟ್ಟಗ ಐತೇನ ನಿನಗ? ಇದೇನು ಪಂಪಸೆಟ್ಟೇನು?" ಎಂದು ಚೀರಿದೆ. ಅವನು ಕಣ್ಣು ಒರೆಸಿಕೊಂಡು ಹೋದ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಗುಂಡಿಗಳು ಕಚ್ಚಿಕೊಂಡವು. ಬೇರೆ ಕೀಬೋರ್ಡು ಇರಲಿಲ್ಲ. ಚಾದರ ಇಡುವ ಕೋಣೆಯಲ್ಲಿ ಯಾರೂ ಮುಟ್ಟದ ಹಳೆಯ ಕಂಪ್ಯೂಟರೊಂದು ಇತ್ತು. ಅಲ್ಲಿ ಹೋಗಿ ಕುಳಿತು ವೈನಿಯ ವಿವರ ಮೊದಲಿನಿಂದ ಹಾಕಿದೆ. ತಾಲೂಕಿನ ಪಟ್ಟಿಯಲ್ಲಿ ನಿಪ್ಪಾಣಿಯೇ ಇಲ್ಲ. ಹಳೆಯ ಪಟ್ಟಿ; ಅದರಲ್ಲಿ ಭೋಜ ಸಿಕ್ಕಿದ್ದು ಚಿಕ್ಕೋಡಿಯ ಕೆಳಗೆ. ಥೂ, ಇದೂ ಒಂದು ಬಾಕಿ ಇತ್ತು ಎಂದುಕೊಂಡು ಅದನ್ನೇ ಒತ್ತಿ ಕಳಿಸಿದೆ.

ಕುರ್ಚಿಯಿಂದ ಏಳುವಷ್ಟರಲ್ಲಿ ಮಂಜೂರಾತಿ ಬಂದಿತ್ತು.

ಆಗ ಹೊಳೆಯಿತು. ನಿಪ್ಪಾಣಿ ತಾಲೂಕಾಯಿತೆಂದು ಪೇಢೆ ಹಂಚಿ, ಅದೇ ಖುಷಿಯಲ್ಲಿ ನನ್ನ ಕಂಪ್ಯೂಟರಿನ ಪಟ್ಟಿಗೆ ಹೊಸ ತಾಲೂಕುಗಳನ್ನು ಸೇರಿಸಿದ್ದೆ. ಯಾರನ್ನೂ ಕೇಳಿರಲಿಲ್ಲ. ಆ ಕಚೇರಿಯ ಪಟ್ಟಿಯಲ್ಲಿ ಭೋಜ ಇನ್ನೂ ಚಿಕ್ಕೋಡಿಯಲ್ಲೇ ಇತ್ತು. 'ಇಂಥ ತಾಲೂಕು ಗೊತ್ತಿಲ್ಲ' ಎಂದು ಅದು ಪ್ರತಿ ಸಲವೂ ಅರ್ಜಿಯನ್ನು ಒಳಗೇ ಬಿಟ್ಟುಕೊಳ್ಳದೆ ಹೇಳಿ ಕಳಿಸಿತ್ತು. ಹೌದೂ ಅಲ್ಲದ, ಇಲ್ಲವೂ ಅಲ್ಲದ ಆ ಮೂರನೆಯ ಉತ್ತರಕ್ಕೆ ನನ್ನ ಚೌಕಗಳ ಚಿತ್ರದಲ್ಲಿ ಗೆರೆಯೇ ಇರಲಿಲ್ಲ.

ಓಡಿಹೋಗಿ ವೈನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: "ಹಂಗಾದ್ರ ನನ್ನಂಗ ಕುಂತವರು ಇನ್ನೂ ಎಷ್ಟ ಮಂದಿ ಅದಾರೋ?"

ಅಯ್ಯೋ ದೇವರೇ, ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಆ ಚೌಕ ತೆಗೆದು ನೋಡಿದರೆ ಭೋಜ, ಕೊಗನೊಳ್ಳಿ, ಶೇಡಬಾಳ, ಎಲ್ಲ ಹೊಸ ತಾಲೂಕುಗಳ ಊರುಗಳವರೇ. ಕಾದು ಬೇಸತ್ತು ಊರಿಗೆ ಹೋದವರು. ಎಲ್ಲರ ಅರ್ಜಿಯನ್ನೂ ಹಳೆಯ ತಾಲೂಕಿನಲ್ಲಿ ಮತ್ತೆ ಕಳಿಸಿದೆ. ಗೊತ್ತಿಲ್ಲದ ಉತ್ತರ ಯಾವುದೇ ಬರಲಿ, ಅದು ನನ್ನ ಮೇಜಿಗೇ ಬರುವಂತೆ ಒಂದು ಗೆರೆ ಎಳೆದೆ. ಮರುದಿನ ವೈನಿಯ ಆಪರೇಷನ್ ಸುಸೂತ್ರವಾಗಿ ಆಯಿತು. ಈಗ ಎಮ್ಮೆಗೂ ನನಗೂ ಒಂದೇ ದನಿಯಲ್ಲಿ ಬೈಯುತ್ತಾಳೆ.

ಆದರೆ ನಾನು ಬರೆಯಲು ಕುಳಿತಿದ್ದು ಆ ಬುಧವಾರ ಸಂಜೆಯ ಒಂದು ಫೋನಿಗಾಗಿ. ಮಂಜೂರಾತಿ ಬಂದವರಿಗೆಲ್ಲ ನಾನೇ ಫೋನು ಹಚ್ಚುತ್ತಿದ್ದೆ; ಶೇಡಬಾಳದ ಒಬ್ಬ ಮುದುಕರ ಮಗಳು ಎತ್ತಿದಳು. "ತಪ್ಪು ನಂದಾಗಿತ್ರಿ ಅಕ್ಕಾರ, ನಿಮ್ಮ ಮಂಜೂರಿ ಈಗ ಬಂದೈತಿ" ಎಂದೆ. ಮುದುಕರು ಇದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ಬರಲಿಲ್ಲ. ಅವಳು ಒಳಗಿನ ಕಡೆ ತಿರುಗಿ, "ಅಪ್ಪಾ, ಏಳು! ದವಾಖಾನ್ಯಾಗಿಂದ ಕರದಾರ!" ಎಂದು ಕೂಗಿದ್ದು ಕೇಳಿಸಿತು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಯಾವ ಬಸ್ಸಿಗೆ ಬರೂಣ್ರಿ?" ಎಂದಳು.

ತಾಯಿ ಮಾಯಕ್ಕಾ, ನಾನು ಬೇಡಿದ್ದು ನನ್ನ ವೈನಿಯೊಬ್ಬಳನ್ನು. ಉಳಿದವರ ನೆನಪೂ ನನಗಿರಲಿಲ್ಲ, ನಿನಗಿತ್ತು.