ಹಾಲಿನ ಕ್ಯಾನಿಗೆ ಬಿದ್ದ ಪಿನ್‌ಬಾಲ್ ಗುಂಡು

ಆರತಕ್ಷತೆಗಳಲ್ಲಿ ಹಾಡುಗಳ ನಡುವೆ ಮಿಮಿಕ್ರಿ ಮಾಡೋದು ನನ್ನ ಕಸುಬು. ಜನ ಊಟದ ಸಾಲಿನ ಕಡೆ ಓಡುತ್ತಿರುವಾಗ ಅವರ ಬೆನ್ನಿಗೆ ನಾಯಿ, ರೈಲು, ಸಿಟ್ಟಾದ ಬೀಗರು ಎಲ್ಲರ ದನಿಯನ್ನೂ ತೆಗೆಯುತ್ತೇನೆ. ನಾಯಿಗೆ ಚಪ್ಪಾಳೆ ಬೀಳುತ್ತೆ. ನಾನು ನನ್ನ ಸ್ವಂತ ದನಿಯಲ್ಲಿ ನಮಸ್ಕಾರ ಅಂದರೆ ಮೈಕು ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಅಂಥ ಒಂದು ಆರತಕ್ಷತೆಯ ದುಡ್ಡಿನಲ್ಲಿ, ಮಂಡ್ಯದಲ್ಲಿ ಬಾಗಿಲು ಮುಚ್ಚಿದ ಒಂದು ಕ್ಲಬ್ಬಿನಿಂದ ಹಳೇ ಪಿನ್‌ಬಾಲ್ ಮೆಷೀನನ್ನು ಗುಜರಿ ತೂಕಕ್ಕೆ ತಂದೆ. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಉರುಳಿ ಬರುತ್ತೆ. ಅದು ಕೆಳಗಿನ ತೂತಿಗೆ ಬೀಳದ ಹಾಗೆ ಎರಡು ಪುಟ್ಟ ಬ್ಯಾಟುಗಳಿಂದ ಮೇಲಕ್ಕೆ ಒದೆಯಬೇಕು. ಇಷ್ಟೇ ಆಟ. ಅಪ್ಪ ಅದೇ ಕ್ಲಬ್ಬಿನಲ್ಲಿ ಅಟೆಂಡರ್ ಆಗಿದ್ದವನು. ನೌಕರಿಯುದ್ದಕ್ಕೂ ಈ ಮೆಷೀನಿನ ಧೂಳು ಹೊಡೆದಿದ್ದ, ಒಂದು ಗುಂಡೂ ಆಡಿರಲಿಲ್ಲ. ಆಡೋರು ಮೆಂಬರುಗಳು. ಅಪ್ಪನ ಕೈಯಲ್ಲಿ ಒಂದಾಟವನ್ನಾದರೂ ಆಡಿಸಬೇಕು ಅನ್ನೋದು ನನ್ನ ಹಟ.

ಹನಕೆರೆಯ ನಮ್ಮ ಮನೆ ಮುಂದೆ ಮೆಷೀನು ಇಳಿದಾಗ ಅಪ್ಪ ಅದನ್ನು ಒಂದು ಸುತ್ತು ಬಂದ. "ಚೆನ್ನಾಗಿದ್ದಾಗ್ಲೇ ಇದು ನೆಟ್ಟಗೆ ಆಡ್ತಿರ್ಲಿಲ್ಲ ಕಣ್ಲಾ. ಈಗ ನೀನೇನ್ ಡಾಕ್ಟ್ರಾ?" ಅಂದ. ಆದರೆ ಕೈ ಮಾತ್ರ ಬ್ಯಾಟು ಆಡಿಸುವ ಪಕ್ಕದ ಗುಂಡಿಗಳ ಮೇಲೇ ಇತ್ತು.

ದುಡ್ಡು ಉಳಿದಿರಲಿಲ್ಲ, ಹಾಗಾಗಿ ತಲೆ ಓಡಿಸಿದೆ. ಸವೆದ ರಬ್ಬರ್ ಬಳೆಗಳ ಜಾಗಕ್ಕೆ ಸೈಕಲ್ ಟ್ಯೂಬಿನ ಚೂರು. ಕಳೆದುಹೋಗಿದ್ದ ಉಕ್ಕಿನ ಗುಂಡಿನ ಬದಲಿಗೆ ಆಲೆಮನೆ ಗಾಣದ ಹಳೇ ಬೇರಿಂಗಿನ ಗುಂಡು. ಮೆಷೀನಿನ ಬೆನ್ನಿಗೆ ನಿಂತ ಗಾಜಿನ ಮೇಲೆ ಬಣ್ಣ ಉದುರಿದ್ದ ಈಜುಡುಗೆ ಸುಂದರಿಯನ್ನು ಮಳವಳ್ಳಿಯ ಬೋರ್ಡ್ ಪೇಂಟರ್ ಹೊಸದು ಮಾಡಿಕೊಟ್ಟ. ಮದುವೆ ಕಮಾನು ಬರೆದು ಬರೆದು ಅಭ್ಯಾಸವಾದ ಕೈ. ಆಕೆ ಜರಿ ಸೀರೆ, ಮೂಗುಬೊಟ್ಟು, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟುಕೊಂಡು ಬಂದಳು. ಗುಂಡು ಹೊರಗೆ ಹಾರದ ಹಾಗೆ ಹಲಗೆ ಮುಚ್ಚುವ ಮೇಲ್ಗಾಜು ಒಡೆದಿತ್ತು. ಅದು ಮುಂದಿನ ಆರತಕ್ಷತೆಯ ದುಡ್ಡಿಗೆ ಅಂತ ಬಿಟ್ಟೆ.

ಬ್ಯಾಟುಗಳಿಂದ ಒದೆಯಿಸುವ ಕಾಯಿಲ್ ಸುಟ್ಟಿತ್ತು. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟರ್ ಸುತ್ತುವ ಅಂಗಡಿಗೆ ಒಯ್ದೆ. ಆತ ಅದನ್ನು ಅಂಗೈಲಿಟ್ಟು, "ಯಾವ್ ಗುಬ್ಬಚ್ಚಿ ಮೋಟ್ರುಲಾ ಇದು?" ಅಂತ ನಕ್ಕ. ಸಂಜೆಗೆ ಕೊಟ್ಟ. "ನಮ್ ಕಡೆ ಕರೆಂಟು ಅರ್ಧ ಜೀವ ಇಟ್ಕಂಡೇ ಬತ್ತದೆ. ಅದುಕ್ಕೆ ದಪ್ಪ ತಂತಿ ಆಕಿ, ಸುತ್ತು ಕಮ್ಮಿ ಮಾಡಿವ್ನಿ. ಎಂಥ ಲೋ ವೋಲ್ಟೇಜಲ್ಲೂ ಎತ್ತುತದೆ." ನೀರು ಎತ್ತೋಕಲ್ಲಣ್ಣ ಅಂತ ಹೇಳಬೇಕಿತ್ತು. ನಾನು ಅವನ ದನಿಯನ್ನು ಕದಿಯೋದರಲ್ಲಿ ಮುಳುಗಿದ್ದೆ.

ಮರುದಿನ ಸಂಜೆ, ಯಾವ ದೇವರ ಕೃಪೆಯೋ, ಕರೆಂಟು ಪೂರ್ತಿ ಜೀವದಲ್ಲಿ ಬಂತು. ಅಪ್ಪನನ್ನು ಕರೆಯೋ ಮುಂಚೆ ಒಂದು ಸಲ ನೋಡೋಣ ಅಂತ ಗುಂಡಿ ಒತ್ತಿದೆ. ಬ್ಯಾಟು ಒದ್ದ ಒದೆತಕ್ಕೆ ಗುಂಡು ಬಾಗಿಲು ದಾಟಿ ಅಂಗಳಕ್ಕೆ ಹಾರಿತು. ತಿಪ್ಪೆ ಕೆದಕಿದೆ, ಸೌದೆ ಸರಿಸಿದೆ. ಇಲ್ಲ. ಅಂಗಳದಲ್ಲಿ ಮುಚ್ಚಳ ತೆಗೆದಿಟ್ಟಿದ್ದ ಹಾಲಿನ ಕ್ಯಾನಿನೊಳಕ್ಕೆ ಇಣುಕೋದು ಯಾರಿಗೆ ಹೊಳೆಯುತ್ತೆ? ಅವ್ವ ಮುಚ್ಚಳ ಹಾಕಿಕೊಂಡು ಡೇರಿಗೆ ಹೊರಟಳು.

ಡೇರಿಯಲ್ಲಿ ಹಾಲು ಸುರಿದಾಗ ಠಣ್ ಅಂತಂತೆ. ಸೆಕ್ರೆಟರಿ ಗುಂಡನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಸಾಲಿಗೆ ತೋರಿಸಿದನಂತೆ. "ನೀರಾಕೋರ್ನ ನೋಡಿವ್ನಿ ಕಣಮ್ಮ. ತೂಕಕ್ಕೆ ಕಬ್ಣ ಆಕೋರ್ನ ಇವತ್ತೇ ನೋಡಿದ್ದು!"

ಅವ್ವ ಗುಂಡನ್ನು ನನ್ನ ಮುಂದೆ ಕುಕ್ಕಿ ಇದನ್ನೆಲ್ಲ ಹೇಳಿದಳು. ಸಮಾಧಾನ ಮಾಡೋಣ ಅಂತ ನಾನು ಸೆಕ್ರೆಟರಿಯ ಮೂಗಿನ ದನಿಯಲ್ಲೇ, "ಕಣಮ್ಮಾ..." ಅಂದೆ. ಸೌಟು ಬಂತು. ನಂಬಿ, ಗುಂಡಿಗಿಂತ ಗುರಿ ಚೆನ್ನಾಗಿತ್ತು. "ನಾಳೆ ಬೆಳಿಗ್ಗೆ ಗುಜ್ರಿಯವ್ನು ಬತ್ತಾನೆ. ಇದೂ ಓಗ್ಬೇಕು, ಒಪ್ಪುದ್ರೆ ನೀನೂ ಓಗು!"

ಬೆಳಿಗ್ಗೆ ಗುಜರಿಯವನು ತಕ್ಕಡಿ ಹಿಡಿದೇ ಬಂದ. ಅಪ್ಪ ಜಗುಲಿಯಿಂದ ಎದ್ದು ಬಂದು ಅವ್ವನ ಮುಖ ನೋಡದೆ, "ಒಂದಾಟ ಆಡ್ಬುಡ್ತೀನಿ ಕಣೆ. ಆಮೇಲೆ ಒಯ್ಲಿ" ಅಂದ. ಅಪ್ಪ ಅವ್ವನನ್ನು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅವತ್ತೇ. ಅವ್ವನೂ ಅವತ್ತೇ ನೋಡಿದ್ದು ಅನ್ನಿಸುತ್ತೆ. ಒಳಗೆ ಹೋಗಿ ಸೊಳ್ಳೆಪರದೆ ತಂದು ಎಸೆದಳು. "ಇದ್ನ ಮುಚ್ಕಂಡ್ ಆಡಿ. ಇನ್ನೊಂದ್ ಸಲ ಈಚೆಗೆ ಬಂದ್ರೆ ನಾನ್ ಮನುಸ್ಳಾಗಿರಕಿಲ್ಲ."

ಒಂದು ಕಡೆ ನಾನು, ಇನ್ನೊಂದು ಕಡೆ ಗುಜರಿಯವನು ಪರದೆ ಎಳೆದು ಹಿಡಿದೆವು. ಅಪ್ಪ ಪರದೆಯೊಳಕ್ಕೆ ಕೈ ತೂರಿಸಿ ಗುಂಡು ಬಿಟ್ಟ. ಅದು ಸೀದಾ ಬಂದು ಎರಡು ಬ್ಯಾಟುಗಳ ನಡುವೆ ಬಿದ್ದುಹೋಯಿತು.

"ಇಷ್ಟೇಯಾ?" ಅಂದ ಅಪ್ಪ. ಅವನ ಮುಖ ಸಣ್ಣದಾಯಿತು.

"ಮೊದಲ್ನೇದು ಲೆಕ್ಕಕ್ಕಿಲ್ಲ ಬುಡಿ," ಅಂದ ಗುಜರಿಯವನು. "ಇನ್ನೊಂದು ಬುಡಿ."

ಎರಡನೆಯದು ಪರದೆಗೆ ಎರಡು ಸಲ ತಲೆ ಹೊಡೆದು ಹೋಯಿತು. ಮೂರನೆಯದು ಮೇಲಕ್ಕೆ ಹೋಗಿ ಗಂಟೆ ಬಾರಿಸಿತು, ಮತ್ತೆ ಬಾರಿಸಿತು. ಅಪ್ಪ ಸೊಂಟ ತಿರುಗಿಸಿ ಮೆಷೀನಿಗೇ ಡಿಕ್ಕಿ ಹೊಡೆದ, ಥೇಟ್ ಕ್ಲಬ್ಬಿನ ಮೆಂಬರಿನ ಹಾಗೆ. ಒಳಗಿಂದ ಅವ್ವ, "ಸಾಯಂಕಾಲ ಡೇರಿಗೆ ನಿನ್ ಮಗನೇ ಓಗ್ಬೇಕು. ಆ ಸೆಕ್ರೆಟ್ರಿ ಮೊಕ ನಾನ್ ನೋಡಕಿಲ್ಲ" ಅಂದಳು. ಅಲ್ಲಿಗೆ ಮೆಷೀನು ಉಳಿಯಿತು.

ನನಗೂ ಒಂದಾಟ ಕೊಡಪ್ಪಾ ಅಂದೆ. ಅಪ್ಪ ತಲೆ ಎತ್ತಲಿಲ್ಲ.

"ಬಾಯ್ ಮುಚ್ಕಂಡು ಪರ್ದೆ ನೆಟ್ಟಗಿಡ್ಕಳ್ಳಾ. ಜೋಲ್ ಬಿದ್ದದೆ."