ಕೊಸರಕ್ಕ ಮತ್ತು ಹನ್ನೊಂದನೇ ಷರತ್ತು

ಸೀಟು ಹೊಲಿಯುವ ಆ ಹೆಂಗಸಿನ ನಿಜವಾದ ಹೆಸರೇನೆಂದು ಕೇಳಿದರೆ ಅವಳ ತಮ್ಮನೂ ಒಂದು ಗಳಿಗೆ ಯೋಚಿಸಬೇಕು. ಎಲ್ಲರಿಗೂ ಅವಳು ಕೊಸರಕ್ಕ. ಸೋಫಾಕ್ಕೆ ಹೊಸ ಬಟ್ಟೆ ಹಾಕಿಸಿಕೊಂಡವರಿಗೆ ಉಳಿದ ತುಂಡಿನಲ್ಲಿ ಪುಟ್ಟದೊಂದು ದಿಂಬು, ಸ್ಕೂಟರ್ ಸೀಟು ಹೊಲಿಸಿಕೊಂಡವರಿಗೆ ಕನ್ನಡಕ ಇಡಲು ರೆಕ್ಸಿನ್ ಚೀಲ. ಹೀಗೆ ಕೊಸರಿಲ್ಲದೆ ಯಾರನ್ನೂ ಕಳಿಸಿದವಳಲ್ಲ. ಕೊಟ್ಟ ಮೇಲೆ ಅವರು ನಾಲ್ಕು ಒಳ್ಳೆಯ ಮಾತಾಡುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು ಅನ್ನುವುದನ್ನೂ ಹೇಳಿಬಿಡಬೇಕು. ಹೊಗಳಿಕೆ ಅಂದರೆ ಅವಳಿಗೆ ಅಷ್ಟು ಇಷ್ಟ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಮುಖ ನೋಡಿ ಜನರನ್ನು ಅಳೆಯುವವರುಂಟು. ಕೊಸರಕ್ಕ ಬೆನ್ನು ನೋಡಿ ಅಳೆಯುತ್ತಿದ್ದಳು. ಯಾರು ಹೇಗೆ ಕೂತರು, ಯಾವ ಕಡೆ ವಾಲಿದರು, ಎಲ್ಲಿ ಕೈ ಇಟ್ಟುಕೊಂಡರು ಅನ್ನುವುದರ ಮೇಲೆ ನೋವು ಎಲ್ಲಿದೆ ಎಂದು ಪಟ್ಟನೆ ಹೇಳುತ್ತಿದ್ದಳು. ಈ ವಿದ್ಯೆಯ ಬಗ್ಗೆ ಅವಳಿಗೆ ಜಂಬವೂ ಇತ್ತು.

ಆದರೆ ಹರಿದ ಸೋಫಾ ಹೊಲಿಸುವ ಕಾಲ ಹೋಗಿ ಎಸೆಯುವ ಕಾಲ ಬಂದಿತ್ತು. ಅಂಗಡಿಯ ಎರಡು ಮೆಷಿನ್‌ಗಳಲ್ಲಿ ಒಂದಕ್ಕೆ ಆಗಲೇ ಮುಸುಕು ಬಿದ್ದಿತ್ತು. ಸೀಟಿನ ಚೌಕಟ್ಟು ಮಾಡುವ ತಮ್ಮ ಬೇರೆ ಕೆಲಸ ಹುಡುಕುತ್ತಿದ್ದ. ಅಷ್ಟರಲ್ಲಿ ಒಂದು ಬಸ್ ಕಂಪನಿ ಮುನ್ನೂರು ಸೀಟು ಹೊಸದಾಗಿ ಹೊಲಿಸಬೇಕೆಂದು ಹುಡುಕಿಕೊಂಡು ಬಂತು. ಈ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು.

ಅಂಗಡಿ ನೋಡಲು ಬಂದ ಕಂಪನಿಯ ಖರೀದಿ ಅಧಿಕಾರಿ ಸ್ಟೂಲಿನ ಮೇಲೆ ಎಡಕ್ಕೆ ವಾಲಿ ಕೂತ. ಇನ್ನು ಕೇಳಬೇಕೆ? ಅವನು ಎರಡನೇ ಸಲ ಬರುವಷ್ಟರಲ್ಲಿ ಸೊಂಟಕ್ಕೆ ಒರಗಿಸಿಕೊಳ್ಳುವ ದಿಂಬು ತಯಾರಾಗಿತ್ತು. ಬೇಡ ಬೇಡ ಅಂದರೂ ಅವನ ಕಾರಿನ ಸೀಟಿಗೆ ತುರುಕಿಯೇ ಕಳಿಸಿದಳು.

ವಾರದ ಮೇಲೆ ಒಪ್ಪಂದದ ಕರಡು ಬಂತು. ಇಪ್ಪತ್ತೆರಡು ಪುಟ. ತಮ್ಮ ಗಂಟಲು ಸರಿಮಾಡಿಕೊಂಡು ಓದುತ್ತಾ ಹನ್ನೊಂದನೇ ಷರತ್ತಿಗೆ ಬಂದ. ಲಂಚ, ಉಡುಗೊರೆ, ಊಟೋಪಚಾರ ಅಥವಾ ಬೆಲೆಯುಳ್ಳ ಯಾವುದೇ ವಸ್ತುವನ್ನು ಕಂಪನಿಯ ಯಾವ ನೌಕರನಿಗೂ ಕೊಟ್ಟಿಲ್ಲ, ಕೊಡುವುದಿಲ್ಲ. ಕೊಟ್ಟದ್ದು ಕಂಡುಬಂದರೆ ಒಪ್ಪಂದ ಅಂದೇ ರದ್ದು. ಕೆಳಗೆ ಸಹಿಗೆ ಜಾಗ.

"ಊಟೋಪಚಾರ ಅಂದ್ರೆ ಟೀನೂ ಬಂತೇನೋ?" ಅಂದಳು ಕೊಸರಕ್ಕ.

"ಟೀ ಬಿಡು. ನಿನ್ನ ದಿಂಬು?"

ಕೊಸರಕ್ಕ ಆ ಷರತ್ತನ್ನು ಇನ್ನೊಮ್ಮೆ ಓದಿಸಿಕೊಂಡಳು.

"ಚೂರುಪಾರು ಬಟ್ಟೇಲಿ ಮಾಡಿದ್ದನ್ನ ಯಾರು ಕೇಳ್ತಾರೆ, ಅಕ್ಕ? ಕಣ್ಣು ಮುಚ್ಕೊಂಡು ಸೈನ್ ಹಾಕು."

"ಸರಿಯಾಗಿದ್ರೆ ಕಣ್ಣು ಯಾಕೋ ಮುಚ್ಕೋಬೇಕು?"

ತಮ್ಮ ಹಣೆ ಚಚ್ಚಿಕೊಂಡ. ಅವಳು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ನೇರ ಕಂಪನಿಗೆ ಹೊರಟಳು. ಗೇಟಿನಲ್ಲಿ ಗಾರ್ಡ್ ರಿಜಿಸ್ಟರ್ ಚಾಚಿದ, ಇವಳು ಹೆಸರು ಗೀಚಿ ಎರಡನೇ ಮಹಡಿಗೆ ಹತ್ತಿದಳು.

ಕಾನೂನು ವಿಭಾಗದ ಮೇಡಂ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಯಾಕೆ ಕೊಟ್ರಿ?"

"ಅವರಿಗೆ ಸೊಂಟ ನೋವು. ನೋಯೋ ಬೆನ್ನು ಕಣ್ಣಿಗೆ ಬಿದ್ರೆ ನಂಗೆ ಸುಮ್ನೆ ಇರೋಕಾಗಲ್ಲ. ಯಾರಾದ್ರೂ ಅಷ್ಟೇ. ನಾನು ಕೈ ಬಿಸಿ ಮಾಡೋಳಲ್ಲಮ್ಮ."

"ಇರಬಹುದು. ಗೇಟಲ್ಲಿ ಗಾರ್ಡ್ ಇದಾರಲ್ಲ, ಅವರ ಬೆನ್ನು ನೋಡಿದ್ರಾ?"

ಅಳತೆ, ದರ ಅಂತ ಓಡಾಡಿ ಕೊಸರಕ್ಕ ಆ ಗೇಟು ದಾಟಿದ್ದು ಅದು ನಾಲ್ಕನೇ ಸಲ. ರಿಜಿಸ್ಟರ್ ನೆನಪಿತ್ತು, ದಾರ ಕಟ್ಟಿದ ಪೆನ್ನು ನೆನಪಿತ್ತು. ಆ ಮನುಷ್ಯ ಯಾವುದರ ಮೇಲೆ ಕೂತಿದ್ದ ಎಂದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ನೋಡಿಲ್ಲ," ಅಂದಳು.

"ನೀವು ಕೆಟ್ಟೋರು ಅಂತಲ್ಲ. ಕೆಲಸ ಕೊಡೋರು ಯಾರು ಅಂತ ನಮಗಿಂತ ಮೊದಲು ನಮ್ಮ ಕೈಗೆ ಗೊತ್ತಾಗುತ್ತೆ. ಅದಕ್ಕೇ ಈ ಷರತ್ತು. ನಡೆದಿದ್ದನ್ನ ಬರೆದು ಕೊಟ್ಟು ಹೋಗಿ."

ಬರೆದು ಕೊಟ್ಟು ಕೆಳಗಿಳಿದಾಗ ಕಣ್ಣು ಅರಳಿಸಿ ನೋಡಿದಳು. ಮೂರು ಕಾಲಿನ ಕಬ್ಬಿಣದ ಸ್ಟೂಲು, ಮೇಲೆ ಮಡಿಸಿಟ್ಟ ಹಳೇ ಪೇಪರು. ಗಾರ್ಡ್ ಬಲಗೈಯನ್ನು ಸೊಂಟಕ್ಕೆ ಒತ್ತಿಕೊಂಡೇ ಎಡಗೈಯಲ್ಲಿ ಗೇಟು ತೆಗೆದ.

ಕಂಪನಿಯವರು ಆ ಕರಡನ್ನು ತಡೆಹಿಡಿದು ಆಯ್ಕೆಯನ್ನು ಮೊದಲಿಂದ ಶುರು ಮಾಡಿದರು, ಆ ಅಧಿಕಾರಿಯನ್ನು ಅದರಿಂದ ಹೊರಗಿಟ್ಟರು. ದಿಂಬು ಒಂದು ಪತ್ರದ ಜೊತೆ ವಾಪಸ್ ಬಂತು. "ಸತ್ಯ ಹೇಳಿ ಅಂಗಡಿ ಮುಳುಗಿಸಿದೆ," ಎಂದು ತಮ್ಮ ಮುಖ ಊದಿಸಿಕೊಂಡ. ಹದಿನೈದು ದಿನ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅತ್ತ ಕಂಪನಿಯವರು ನಾಲ್ಕು ಅಂಗಡಿಗಳ ಮಾದರಿ ಸೀಟುಗಳನ್ನು ಹೆಸರಿಲ್ಲದೆ ಸಾಲಾಗಿ ಇಟ್ಟು ಡ್ರೈವರ್‌ಗಳನ್ನು ಕೂರಿಸಿ ನೋಡಿದರು. ಮೂರನೇ ಸೀಟಿನಲ್ಲಿ ಕೂತವರು ಏಳುವ ಮನಸ್ಸೇ ಮಾಡಲಿಲ್ಲವಂತೆ. ಅದು ಕೊಸರಕ್ಕನದು. ಫೋನ್ ಬಂದಾಗ ತಮ್ಮ ಎರಡನೇ ಮೆಷಿನ್ನಿನ ಮುಸುಕು ಎಳೆದು ಬಿಸಾಡಿದ.

ಸಹಿಯ ದಿನ ಅವಳು ಪೆನ್ನು ಹಿಡಿದು ತಡೆದಳು.

"ಮೇಡಂ, ಒಂದು ಸಾಲು ಸೇರಿಸ್ಬೇಕು. ಗೇಟಿನ ಗಾರ್ಡ್‌ಗೆ ಬೆನ್ನು ಒರಗಿಸೋ ಸೀಟು ಮಾಡಿ ಕೊಡ್ತೀನಿ. ಅದಕ್ಕೆ ದುಡ್ಡು ಬೇಡ."

"ಅವರಿಗೆ ಕೊಡೋ ಹಾಗಿಲ್ಲ, ಅವರೂ ನೌಕರರೇ. ಸ್ಟೂಲು ಕಂಪನೀದು, ಕಂಪನಿಗೆ ಅಂತ ಬರೆದು ಕೊಟ್ರೆ ಆಗುತ್ತೆ." ಮೇಡಂ ನಕ್ಕರು. "ಆದ್ರೆ ನೀವು ಕೊಟ್ಟಿದ್ದು ಅಂತ ಅವರಿಗೆ ಹೇಳ್ಕೊಂಡು ತಿರುಗೋ ಹಾಗಿಲ್ಲ."

ಆ ಕೊನೆಯ ಮಾತು ನುಂಗಲು ಕೊಸರಕ್ಕನಿಗೆ ಕಷ್ಟವಾಯಿತು. ಆದರೂ ಬರೆಸಿದಳು. ಮುನ್ನೂರು ಸೀಟು ಹೋಗಿ ಮುನ್ನೂರ ಒಂದಾಯಿತು. ವಾಪಸ್ ಬಂದಿದ್ದ ದಿಂಬನ್ನು ಬಿಚ್ಚಿ ಅದರ ಸ್ಪಂಜನ್ನೇ ಆ ಸೀಟಿನ ಬೆನ್ನಿಗೆ ಹಾಕಿದಳು.

ಕೊನೆಯ ಲೋಡ್ ಇಳಿಸಲು ಅಕ್ಕ ತಮ್ಮ ಟೆಂಪೋದಲ್ಲಿ ಬಂದಾಗ ಗಾರ್ಡ್ ನೆಟ್ಟಗೆ ಒರಗಿ ಕೂತಿದ್ದ. ರಿಜಿಸ್ಟರ್ ಕೊಡುವುದನ್ನೂ ಮರೆತು ಸೀಟು ತಟ್ಟಿ ತೋರಿಸಿದ.

"ನೋಡಿದ್ರಾ ಅಮ್ಮ? ಹದಿನೆಂಟು ವರ್ಷ ಆದ್ಮೇಲೆ ಕಂಪನಿ ಕಣ್ಣಿಗೆ ನಾನು ಬಿದ್ದೆ. ನಂಗೆ ನೋವು ಎಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತೋ ಏನೋ."

ತಮ್ಮ ಬಾಯಿ ತೆರೆದ. ಕೊಸರಕ್ಕ ಅವನ ಕಾಲು ತುಳಿದಳು. ಅವಳ ನಾಲಿಗೆಯೂ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

"ಒಳ್ಳೇ ಕಂಪನಿ," ಅಂದಳು. ರಿಜಿಸ್ಟರ್ ತಾನೇ ಎಳೆದುಕೊಂಡು ಹೆಸರು ಬರೆದಳು. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಕೊಸರು ಕೊಟ್ಟ ಜಾಗದಲ್ಲಿ ನಿಲ್ಲದೆ ಒಳಗೆ ನಡೆದಳು.