ಫರಸಿ ಅಂಗಳದಲ್ಲಿ ಕಲಿತ ಕೋಡಿಂಗ್

ಕಲಬುರಗಿಯಲ್ಲಿ ಆರು ತಿಂಗಳ ಸಾಫ್ಟ್‌ವೇರ್ ತರಬೇತಿ ಮುಗಿಸಿದಾಗ ನನ್ನ ಹತ್ತಿರ ಒಂದು ಸರ್ಟಿಫಿಕೇಟು, ನೀಟಾಗಿ ಬರೆದ ಮೂರು ನೋಟ್‌ಬುಕ್ಕು ಇದ್ದವು. ಧೈರ್ಯವಂತೂ ಬೇಕಾದಷ್ಟಿತ್ತು. ಕೆಲಸ ಸಿಕ್ಕಿದ್ದು ನಮ್ಮೂರು ವಾಡಿಗೆ ಹತ್ತಿರದ ಶಹಾಬಾದದಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಅಂಗಳವೊಂದರ ಮೇಲಿನ ಕೋಣೆಯಲ್ಲಿ. ಅಲ್ಲಿ ಕೂತು ಕಲ್ಲಿನ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದವರು ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಪಾ ಯಾವ ಕ್ಲಾಸಿಗೂ ಹೋದವರಲ್ಲ. ಅಣ್ಣನ ಹಳೆಯ ಕಂಪ್ಯೂಟರನ್ನು ಕೆಡಿಸುತ್ತ, ರಿಪೇರಿ ಮಾಡುತ್ತ ಕಲಿತವರು.

ಕಲ್ಲಿನ ಅಳತೆ ಬರೆದುಕೊಳ್ಳಲು ಫೋನಿನಲ್ಲಿ ನಡೆಯುವ ಒಂದು ಆ್ಯಪ್ ಮಾಡು ಅಂದರು ಆಪಾ. ಒಂದೇ ವಾರದಲ್ಲಿ ಮಾಡಿ ತೋರಿಸಿದೆ.

"ಚಂದ ಅದ. ಕೆಳಗ ಹೋಗಿ ಚಾಚಾಗ ಕೊಡು," ಅಂದರು.

ಚಾಚಾ ಅಂದರೆ ಅಂಗಳದಲ್ಲಿ ವರ್ಷಗಟ್ಟಲೆ ಕಲ್ಲು ಅಳೆದ ಹಿರಿಯರು. ಅವರು ಅಳತೆ ಕೂಗಿದರು, ನಾನು ಫೋನಿನಲ್ಲಿ ಒತ್ತಿದೆ. ಕೊನೆಗೆ ನೋಡಿದರೆ ಅವರು ಬಾಯಿಲೆಕ್ಕದಲ್ಲಿ ಹೇಳಿದ್ದಕ್ಕಿಂತ ನನ್ನ ಮೊತ್ತ ಕಮ್ಮಿ!

"ಮಷಿನ್ ತಪ್ಪೋದಿಲ್ರಿ ಚಾಚಾ," ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಫೋನಿನತ್ತ ಬಗ್ಗಿದರು. "ಈ ಕಲ್ಲು ಎರಡು ಫುಟ್ ಒಂದಿಂಚು. ಆ ಕಲ್ಲು ಎರಡು ಫುಟ್ ಹತ್ತಿಂಚು. ನಿನ್ನ ಫೋನಿನ್ಯಾಗ ಎರಡೂ ಒಂದ ಆಗ್ಯಾವಲ್ಲ ಬೇಟಿ?"

ಎರಡು ಅಡಿ ಹತ್ತು ಇಂಚನ್ನು ಅಂಗಳದಲ್ಲಿ 2.10 ಎಂದು ಬರೆಯುತ್ತಾರೆ. ನನ್ನ ಪ್ರೋಗ್ರಾಮು ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು 2.1, ಅಂದರೆ ಎರಡು ಅಡಿ ಒಂದೇ ಇಂಚು, ಮಾಡಿಬಿಟ್ಟಿತ್ತು. ಪಾಲಿಶ್ ಮಷಿನ್ ನಿಲ್ಲಿಸಿ ಎಲ್ಲರೂ ನಕ್ಕರು. ನಾನು ಮೆಟ್ಟಿಲು ಹತ್ತಿ ಮೇಲೆ ಓಡಿದೆ.

"ಆಪಾ, ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ನಾನೂ ಇದ ತಪ್ಪು ಮಾಡೀನಿ. ಬರೇ ಹೇಳಿದ್ರ ನೀ ಮರೀತಿದ್ದಿ."

ಮುಂದಿನ ಮೂರು ದಿನ ನಾನು ಅಂಗಳದಲ್ಲೇ ಟೇಪಿನ ಇನ್ನೊಂದು ತುದಿ ಹಿಡಿದು ನಿಂತೆ. ಪಾಲಿಶಿನ ನೀರಿಗೆ ಕೆಲಸದವರ ಕೈ ಯಾವಾಗಲೂ ಒದ್ದೆ, ಸಣ್ಣ ಬಟನ್ ಒತ್ತಲಾಗದು. ಮೂಲೆ ಮುರಿದ ಕಲ್ಲಾದರೆ ಮುರಿದಷ್ಟನ್ನು ಅಳತೆಯಲ್ಲಿ ಕಳೆಯಬೇಕು. ಅಡಿಗೊಂದು, ಇಂಚಿಗೊಂದು ದೊಡ್ಡ ಖಾನೆ ಇಟ್ಟು ಹೊಸದಾಗಿ ಬರೆದೆ. ಈ ಸಲ ಮೊತ್ತ ಬಾಯಿಲೆಕ್ಕಕ್ಕೆ ತಾಳೆಯಾಯಿತು. "ಪಾಸ್!" ಅಂದರು ಚಾಚಾ.

ಇಷ್ಟಕ್ಕೇ ನೋಟ್‌ಬುಕ್ಕುಗಳು ದಂಡವೆಂದು ತಿಳಿಯಬೇಡಿ. ಆಪಾ ಬರೆದ ಪ್ರೋಗ್ರಾಮಿನಲ್ಲಿ ಹಳೆಯ ಅಳತೆ ಹುಡುಕಲು ಕೊಟ್ಟರೆ ಚಾ ಕುಡಿದು ಬಂದರೂ ಉತ್ತರ ಬರುತ್ತಿರಲಿಲ್ಲ. ಒಂದು ದಿನ ನನಗೆ ಎರಡನೇ ನೋಟ್‌ಬುಕ್ಕಿನ ಪಾಠ ನೆನಪಾಯಿತು: ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿ ಇರುವಂತೆ ಡೇಟಾಬೇಸಿಗೂ ಇಂಡೆಕ್ಸ್ ಕಟ್ಟಬಹುದು. ಅವರನ್ನು ಕೇಳಿಯೇ ಒಂದು ಸಾಲು ಸೇರಿಸಿದೆ. ಹುಡುಕಿದ್ದು ಕಣ್ಣು ಮಿಟುಕಿಸುವುದರೊಳಗೆ ಬಂತು.

ಆಪಾ ಕುರ್ಚಿ ಎಳೆದುಕೊಂಡು ಆ ಒಂದು ಸಾಲನ್ನೇ ಎರಡೆರಡು ಸಲ ಓದಿದರು. ಸಿಟ್ಟು ಬಂತೇನೋ ಅಂತ ನನಗೆ ದಿಗಿಲು.

"ಇದು ಕ್ಲಾಸಿನ್ಯಾಗ ಕಲಿಸ್ಯಾರೇನು?"

"ಹೌದ್ರಿ."

"ಮತ್ತ ಏನೇನ್ ಕಲಿಸ್ಯಾರ? ತಾ ಇಲ್ಲಿ." ಮೂರೂ ನೋಟ್‌ಬುಕ್ಕು ಮನೆಗೆ ಒಯ್ದರು.

ಮುಂದಿನ ತಿಂಗಳು ಆಪಾ ಕಲಬುರಗಿಯಲ್ಲಿ ನಾನು ಕಲಿತ ತರಬೇತಿ ಕೇಂದ್ರದ ಶನಿವಾರದ ಬ್ಯಾಚಿಗೇ ಸೇರಿ ಮೊದಲ ಬೆಂಚಿನಲ್ಲಿ ಕೂತರು. ಸೋಮವಾರ ಅವರ ಹೋಂವರ್ಕ್ ನಾನು ತಿದ್ದಬೇಕಿತ್ತು. ನನಗೆ ಅದರಷ್ಟು ಖುಷಿಯ ಕೆಲಸ ಇನ್ನೊಂದಿರಲಿಲ್ಲ.

"ನಿಮ್ಮ ಸರ್‌ಗ ಕೇಳ್ದೆ, ಬಳಸೋರ ಕೈ ಒದ್ದೆ ಇದ್ರ ಏನ್ ಮಾಡಬೇಕ್ರಿ ಅಂತ. ಸಿಲಬಸ್‌ನ್ಯಾಗ ಇಲ್ಲ ಅಂದ್ರು," ಅಂತ ಒಮ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ಆ ಸರ್ ಒಳ್ಳೆಯವರು. ಪ್ರಶ್ನೆ ಅವರ ತಲೆಯಲ್ಲಿ ಕೂತಿತ್ತು. ಒದ್ದೆ ಕೈಯ ಕೆಲಸವನ್ನು ಕಣ್ಣಾರೆ ತೋರಿಸಲೆಂದು ಒಂದು ಶನಿವಾರ ಇಡೀ ಬ್ಯಾಚನ್ನು ರೈಲು ಹತ್ತಿಸಿಕೊಂಡು ಶಹಾಬಾದಕ್ಕೇ ಬಂದುಬಿಟ್ಟರು. ಆ ದಿನ ಕ್ಲಾಸಿಗೆ ಹೋಗದೆ ಆಪಾ ಅಂಗಳದ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆಯುತ್ತಿದ್ದರು: "ಬರ್ರಿ, ಬರ್ರಿ. ಮೆಲ್ಲಕ ಬರ್ರಿ, ಕಲ್ಲು ಭಾಳ ಜಾರ್ತಾವ."